ಎದ್ದೇಳಲು ಬರುವಂಥ ಕುರ್ಚಿ

ಅತ್ತೆ ಬರುವುದು ಹನ್ನೊಂದಕ್ಕೆ. ಎಂಟು ಗಂಟೆಗೇ ಗೌರೀಶ ಆ ಕುರ್ಚಿಯನ್ನು ನಾಲ್ಕನೆಯ ಸಲ ಸರಿಸಿದ್ದ. ಕಿಟಕಿಯ ಹತ್ತಿರ ಇಟ್ಟರೆ ಬಿಸಿಲು. ಟಿ.ವಿ.ಯ ಎದುರಿಗೆ ಇಟ್ಟರೆ ಅತ್ತೆಯನ್ನು ಧಾರಾವಾಹಿ ನೋಡಲು ಕರೆಸಿದ ಹಾಗೆ. ಬಾಗಿಲಿಗೆ ನೇರವಾಗಿ ಇಟ್ಟರೆ ಬಂದವರ ಕಣ್ಣಿಗೆ ಮೊದಲು ಅದೇ ಬಿದ್ದು, ಈ ಮನೆಯಲ್ಲಿ ಇವರಿಗಿಂತ ಇವರ ಕುರ್ಚಿಯೇ ದೊಡ್ಡದು ಅನ್ನಿಸುವ ಹಾಗೆ. ಅಪ್ಪಟ ಸಾಗವಾನಿ, ಎತ್ತರದ ಬೆನ್ನು, ಅಂಗೈ ಅಗಲದ ತೋಳುಗಳು, ಕಾಲಿಡಲು ಕೆಳಗೊಂದು ಹಲಗೆ. ಬೈಲಹೊಂಗಲದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತ ಬಂದ ಮನುಷ್ಯ, ಒಂದು ಕುರ್ಚಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಬನಿಯನ್ನಿನಲ್ಲಿ ಬೆವರುತ್ತ ನಿಂತಿದ್ದ. "ರೀ, ಅದು ಬರೇ ಕುರ್ಚಿ ಐತಿ, ಲಗ್ನದ ವರಾ ಅಲ್ಲ, ಎಲ್ಲೆರ ಒಂದ ಕಡೆ ಕುಂದ್ರಿಸ್ರಿ" ಎಂದು ಅಡುಗೆಮನೆಯಿಂದ ಹೆಂಡತಿ ಅನ್ನಪೂರ್ಣಾ ಕೂಗಿದಳು. ಅವಳ ಕೂಗಿನ ಹಿಂದೆಯೇ ಬದನೆಕಾಯಿಗೆ ತುಂಬುವ ಮಸಾಲೆಯ ಘಾಟು ಬಂತು. ಅವನು ಸೀನಿದ. ಸೀನಿದ ಮೇಲೆ ಕುರ್ಚಿಯನ್ನು ಗೋಡೆಯಿಂದ ಎರಡು ಅಡಿ ಈಚೆಗೆ, ಫ್ಯಾನಿನ ಕೆಳಗೆ ತಂದು ನಿಲ್ಲಿಸಿದ.

ಸಾವಿತ್ರೆವ್ವ ಅತ್ತೆ ಅವನ ಅಪ್ಪ ಮಡಿವಾಳೆಪ್ಪನ ಒಬ್ಬಳೇ ತಂಗಿ. ಎಂಬತ್ತೆರಡು ವರ್ಷ. ಹುಟ್ಟಿದ್ದೂ ಕೊಟ್ಟದ್ದೂ ಸಂಪಗಾಂವದ ಒಂದೇ ಓಣಿಯಲ್ಲಿ. ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರು, ಮೊಮ್ಮಕ್ಕಳ ಅರಿವೆ ಎಂದು ತಿಂಗಳಿಗೆ ಎರಡು ಸಲ ಬೈಲಹೊಂಗಲಕ್ಕೆ ಬರುತ್ತಾಳೆ, ಬಸ್ ಸ್ಟ್ಯಾಂಡಿನಿಂದ ಅವನ ಮನೆ ಹತ್ತು ನಿಮಿಷದ ದಾರಿ, ಆದರೆ ಮೂರು ವರ್ಷದಿಂದ ಒಳಗೆ ಕಾಲಿಟ್ಟಿಲ್ಲ. ಕೇಳಿದವರಿಗೆಲ್ಲ ಅವಳು ಕೊಡುವ ಕಾರಣ ಸೋಫಾ. "ಅದರಾಗ ಕುಂತರ ಏಳಾಕ ಬರೂದಿಲ್ಲವ್ವಾ, ಎಮ್ಮಿ ಹುದಲಿನ್ಯಾಗ ಸಿಕ್ಕಂಗ ಆಕ್ಕೈತಿ." ಕೇಳಿದವರು ನಗುತ್ತಾರೆ. ಗೌರೀಶನಿಗೆ ನಗು ಬರುವುದಿಲ್ಲ, ಏಕೆಂದರೆ ಕಾರಣ ಸೋಫಾ ಅಲ್ಲವೆಂದು ಅವನಿಗೆ ಗೊತ್ತು. ಕಾರಣ ಅವನ ಎರಡು ಕೈಗಳು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತಾರೆ. ಮೈ ತೊಳೆದು, ವಿಭೂತಿ ಬಳಿದು, ರುಮಾಲು ಸುತ್ತಿ, ಬದುಕಿದ್ದಾಗ ಎಂದೂ ಕೂತಿರದ ಗತ್ತಿನಲ್ಲಿ, ಶಾಲು ಹೂವುಗಳ ನಡುವೆ. ಮೈ ಸೆಟೆಯುವ ಮೊದಲೇ ಕೂಡ್ರಿಸಬೇಕು. ತಲೆ ಜೋಲದಂತೆ ಹಣೆಗೂ ಗದ್ದಕ್ಕೂ ಅರಿವೆಯ ಪಟ್ಟಿ ಬಿಗಿಯಬೇಕು. ಮೂರು ವರ್ಷದ ಹಿಂದೆ ಸಂಪಗಾಂವದ ಮನೆಯಲ್ಲಿ ಅಪ್ಪ ಹೋದ ದಿನ ಪಟ್ಟಿ ತರಲು ಯಾರೋ ಒಳಗೆ ಹೋದವರು ಬೇಗ ಬರಲಿಲ್ಲ. ಅಲ್ಲಿಯವರೆಗೆ ಹಿಂದೆ ನಿಂತು ತಲೆ ಹಿಡಿಯುವ ಕೆಲಸ ಮಗನದಾಯಿತು. ಅವನು ಹಿಡಿದ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ಅಮಾವಾಸ್ಯೆ ಯಾವತ್ತೆಂದು ಓದುತ್ತ ಹಿಡಿದೇ ಇದ್ದ. ಆಗ ಜೇಬಿನಲ್ಲಿ ಫೋನು ರಿಂಗಾಯಿತು. ಅದರ ಬಾಯಿ ಮುಚ್ಚಿಸಲೆಂದು, ಅಷ್ಟಕ್ಕೇ, ಬೇರೆ ಯಾತಕ್ಕೂ ಅಲ್ಲ, ಅವನ ಕೈ ಜೇಬಿಗೆ ಹೋಯಿತು. ಅಪ್ಪನ ತಲೆ ಮುಂದಕ್ಕೆ ಬಿತ್ತು, ರುಮಾಲು ಉರುಳಿ ಬಿಚ್ಚಿಕೊಳ್ಳುತ್ತ ಅಳುವ ಹೆಂಗಸರ ನಡುವೆ ಹೋಯಿತು, ಅಳು ಒಂದು ಗಳಿಗೆ ನಿಂತಿತು. ಎದ್ದು ಬಂದು ತಲೆ ಹಿಡಿದವಳು ಸಾವಿತ್ರೆವ್ವ ಅತ್ತೆ. ಫೋನು ಮಾಡಿದ್ದು ಕಂಪನಿಯ ರೆಕಾರ್ಡ್ ಮಾಡಿದ ಹುಡುಗಿ; ನಿಮ್ಮ ನೆಚ್ಚಿನ ಹಾಡನ್ನು ಕಾಲರ್ ಟ್ಯೂನ್ ಮಾಡಿಕೊಳ್ಳಲು ಒಂದನ್ನು ಒತ್ತಿ ಎಂದು ಅವಳು ಹೇಳುತ್ತಿದ್ದಳು. ಆ ವಾಕ್ಯ ಅವನಿಗೆ ಈಗಲೂ ಬಾಯಿಪಾಠ.

ಆ ದಿನದ ಬಗ್ಗೆ ಆಮೇಲೆ ಒಬ್ಬರೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ದಿವಸದ ಊಟಕ್ಕೆ ಬಂದವರು ಹುಗ್ಗಿಗೆ ಬೆಲ್ಲ ಹೆಚ್ಚಾಯಿತೆಂದರು, ಮಲಪ್ರಭೆಯ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದರು, ಅವನ ಕೈಗಳ ವಿಷಯ ಮಾತ್ರ ಎತ್ತಲಿಲ್ಲ. ತರಗತಿಯಲ್ಲಿ ಗುರುತ್ವ ಕೇಂದ್ರದ ಪಾಠ ಬಂದಾಗ ಅವನು ಬೋರ್ಡಿನ ಕಡೆ ತಿರುಗಿಯೇ ಮುಗಿಸುತ್ತಾನೆ. ಒಂದು ವಸ್ತುವಿನ ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಅದರ ತಳದ ಹೊರಗೆ ಬಿದ್ದರೆ, ಎಂದು ಬರೆಯುತ್ತ ಬರೆಯುತ್ತ ಕ್ಯಾಲೆಂಡರು ಕಾಣುತ್ತದೆ. ಹೋದ ವರ್ಷ ಒಂದು ಲಗ್ನದಲ್ಲಿ ಪಾನಕದ ಗ್ಲಾಸುಗಳ ತಟ್ಟೆ ಎತ್ತಿಕೊಂಡು ಪಂಕ್ತಿಯ ಕಡೆ ಹೊರಟಿದ್ದ. ಅತ್ತೆ ಎದುರಿಗೆ ಬಂದು ತಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಬೇರೆಯವರಿಗೆ ಕೊಟ್ಟು, "ನೀ ಕುಂದರು" ಅಂದಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅದು ಮಾಸ್ತರರಿಗೆ ಸಲ್ಲುವ ಮರ್ಯಾದೆ ಅನ್ನಿಸುತ್ತಿತ್ತು. ಅವನು ಕೂತ. ಕೂತಲ್ಲೇ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ, ತಪ್ಪು ಮಾಡಿ ಸಿಕ್ಕಿಬಿದ್ದ ಒಂದನೇ ಈಯತ್ತೆಯವನ ಹಾಗೆ. ಅವನಿಗೆ ಐವತ್ತೆರಡು ವರ್ಷ, ತಲೆಗೆ ಬಣ್ಣ ಹಚ್ಚುತ್ತಿದ್ದ.

ಹೋದ ತಿಂಗಳು ಅನ್ನಪೂರ್ಣಾ ಫೋನಿನಲ್ಲಿ ಹಟ ಹಿಡಿದಾಗ ಅತ್ತೆ ಅಂದಳಂತೆ, "ಮೊದಲಿನ ಮಂದಿ ಕುರ್ಚಿ ಇರತಿದ್ದೂವಲ್ಲ, ಎದ್ದೇಳಾಕ ಬರುವಂಥಾವು, ಅಂಥಾದೊಂದು ತಗೊಂಡು ಹೇಳ್ರಿ, ಬರತೇನಿ." ಅಂದರೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅನ್ನಪೂರ್ಣಾಳಿಗೂ ಅಷ್ಟೇ ಬೇಕಾಗಿತ್ತು. ಅವಳು ಮೂರು ತಿಂಗಳಿಂದ ಮೊಬೈಲಿನಲ್ಲಿ ಹಳೆಯ ಕಾಲದ ಕುರ್ಚಿಗಳ ವಿಡಿಯೋ ನೋಡಿ ನೋಡಿ, ಮನೆಯಲ್ಲಿ ಒಂದಾದರೂ ಆಂಟಿಕ್ ಇಲ್ಲದಿದ್ದರೆ ಆ ಮನೆಗೆ ಕಳೆಯಿಲ್ಲ ಎನ್ನುವ ಹಂತಕ್ಕೆ ಬಂದಿದ್ದಳು. ಮದುವೆಯಾದಾಗಿನಿಂದ ಗಂಡ ಹೆಂಡತಿ ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು, ಅದೂ ಬೇರೆ ಬೇರೆ ಕಾರಣಕ್ಕೆ. ಅವನು ವಹಿಯಲ್ಲಿ ಬರೆದುಕೊಂಡ: ಕೂಡುವ ಹಲಗೆ ಮೊಣಕಾಲಿನ ಎತ್ತರಕ್ಕಿರಬೇಕು, ತಗ್ಗಾಗಬಾರದು. ತೋಳುಗಳು ಕೈಯೂರಿ ಏಳುವಷ್ಟು ಗಟ್ಟಿಯಾಗಿ, ಮುಂದಕ್ಕೆ ಚಾಚಿರಬೇಕು. ಬೆತ್ತ ಬೇಡ, ಜೋತು ಬೀಳುತ್ತದೆ. ಅವಳು ಏನೂ ಬರೆದುಕೊಳ್ಳಲಿಲ್ಲ. ನೋಡಿದರೆ ತಿಳಿಯುತ್ತದೆ ಅಂದಳು.

ಹೀಗೆ ನಾಲ್ಕು ರವಿವಾರ ಕಳೆದವು. ರಾಮದುರ್ಗದಲ್ಲಿ ಒಬ್ಬ ತೀರಿಹೋದ ವಕೀಲರ ಮನೆಯಲ್ಲಿ ಆರಾಮ ಕುರ್ಚಿ ಇತ್ತು, ಕಾಲು ಚಾಚಿ ಇಟ್ಟುಕೊಳ್ಳಲು ತೋಳುಗಳು ಗೇಣುಗಟ್ಟಲೆ ಮುಂದೆ ಬರುವಂಥದ್ದು. ಅವನು ಪರೀಕ್ಷೆಗೆಂದು ಒರಗಿದವನು ಏಳಲಾಗದೆ ಕಾಲಾಡಿಸತೊಡಗಿದ. ವಕೀಲರ ಸೊಸೆ ಚಹಾದ ಕಪ್ಪು ಹಿಡಿದು ಮರ್ಯಾದೆಯಿಂದ ಬೇರೆ ಕಡೆ ನೋಡಿದಳು. ಸವದತ್ತಿಯಲ್ಲಿ ಸಿಕ್ಕಿದ್ದು ಹಳೆಯ ಸಲೂನಿನ ಕುರ್ಚಿ. ಅನ್ನಪೂರ್ಣಾಳ ಕಣ್ಣು ಅರಳಿದವು. "ಅತ್ತಿಗೆ ಕಟಿಂಗ್ ಮಾಡಸ್ತೀಯೇನು?" ಎಂದು ಅವನು ಕೇಳಿದ್ದಕ್ಕೆ ಬೈಲಹೊಂಗಲ ಬರುವವರೆಗೆ ಅವಳು ಮಾತು ಬಿಟ್ಟಳು. ಕಿತ್ತೂರಿನಲ್ಲಿ ಒಬ್ಬ ಕೆಂಪು ಮಖಮಲ್ಲಿನ ಕುರ್ಚಿ ತೋರಿಸಿ, ಇದು ಅರಮನೆಯದು, ಇನ್ನೂರು ವರ್ಷದ್ದು ಎಂದ. ಗೌರೀಶ ಅದನ್ನು ಬೋರಲು ಹಾಕಿ ನೋಡಿದ. ಅಡಿಯಲ್ಲಿ 'ಬಾಲ್ಕನಿ ೧೪' ಎಂದು ಬರೆದಿತ್ತು. ಆತ ಸ್ವಲ್ಪವೂ ಅಲುಗದೆ, "ಅರಮನಿಗೂ ಬಾಲ್ಕನಿ ಇರ್ತಿತ್ತಲ್ರೀ ಸರ" ಅಂದ. ಗೌರೀಶನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಸಿಕ್ಕಿಬಿದ್ದ ಮೇಲೂ ಹಾಗೆ ನಿಲ್ಲಲು ಬಂದಿದ್ದರೆ ಈ ಮೂರು ವರ್ಷ ಎಷ್ಟು ಸಲೀಸಾಗಿ ಕಳೆಯುತ್ತಿದ್ದವು.

ಕೊನೆಗೆ ಬೇಕಾದದ್ದು ಬೈಲಹೊಂಗಲದಲ್ಲೇ ಸಿಕ್ಕಿತು. ಅರಳೆ ಗಿರಣಿಯ ಹಿಂದೆ ಲಗಮಣ್ಣ ಹಳೆಯ ಬಾಗಿಲು, ಚೌಕಟ್ಟು, ತೊಟ್ಟಿಲುಗಳ ವ್ಯಾಪಾರ ಮಾಡುತ್ತಾನೆ. ಅವನ ತಗಡಿನ ಶೆಡ್ಡಿನ ಮೂಲೆಯಲ್ಲಿ ಈ ಕುರ್ಚಿ ಯಾರನ್ನೋ ಕಾಯುವಂತೆ ಕೂತಿತ್ತು. ಗೌರೀಶ ಅಳತೆಯ ಟೇಪು ಹಿಡಿದ. ಕೂಡುವ ಹಲಗೆ ಹದಿನೆಂಟು ಇಂಚು ಎತ್ತರ. ತೋಳು ಗಟ್ಟಿ. ಕೂಡುವ ಜಾಗ ಹಿಂದಕ್ಕೆ ತುಸು ಇಳಿಜಾರು, ಕೂತವರ ಭಾರವೆಲ್ಲ ಬೆನ್ನಿನ ಕಡೆಗೇ ಬೀಳುವಂತೆ. ಇದನ್ನು ಮಾಡಿದ ಬಡಿಗೇರನಿಗೆ ಗುರುತ್ವ ಕೇಂದ್ರ ತನಗಿಂತ ಚೆನ್ನಾಗಿ ತಿಳಿದಿತ್ತು ಎಂದು ಅವನಿಗೆ ಅನ್ನಿಸಿತು. ಬೆನ್ನಿನ ಮೇಲ್ತುದಿಯಲ್ಲಿ ಎರಡು ತೂತುಗಳಿದ್ದವು.

"ಇವು ಯಾಕ?"

"ಸಾಹೇಬ್ರ ಕಾಲದಾಗ ಪಂಖಾ ಕಟ್ಟತಿದ್ರರೀ" ಎಂದ ಲಗಮಣ್ಣ, ತಡಮಾಡದೆ.

"ಎಲ್ಲಿಂದ ಬಂತಿದು?"

"ಯಾವದೋ ಹಳ್ಯಾಗಿನ ಮಂದಿ ಸ್ಟೀಲಿಂದು ಹೊಸಾದು ಮಾಡಿಸಿಕೊಂಡ್ರಂತ್ರೀ, ಇದನ್ನ ಟೆಂಪೋದಾಗ ಹಾಕಿ ಕಳಿಸಿದ್ರು."

"ಕುಂತವರಿಗೆ ಅನುಕೂಲ ಆಗತೈತೇನು? ವಯಸ್ಸಾದವರಿಗೆ?"

"ಸರ, ಇದರಾಗ ಕುಂತವರು ಇವತ್ತಿನ ತನಕಾ ಒಬ್ಬರೂ ತಕರಾರ ಮಾಡಿಲ್ರೀ."

ಲಗಮಣ್ಣನ ಮೀಸೆ ದೊಡ್ಡದು, ಅದರ ಕೆಳಗೆ ಅವನು ನಕ್ಕನೋ ಇಲ್ಲವೋ ಗೊತ್ತಾಗಲಿಲ್ಲ.

ಗುರುವಾರ ಕುರ್ಚಿ ಮನೆಗೆ ಬಂತು. ಕೆತ್ತನೆಯ ಸಂದುಗಳಲ್ಲಿ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು. ಅನ್ನಪೂರ್ಣಾ ಸುಣ್ಣವೆಂದು ಶಪಿಸುತ್ತ ಹಲ್ಲುಜ್ಜುವ ಬ್ರಶ್ಶಿನಿಂದ ಅರ್ಧ ದಿನ ತಿಕ್ಕಿದಳು. ಪಾಲಿಶ್ ಒಣಗಿದ ಮೇಲೆ ಇಳಕಲ್ ಸೀರೆ ಉಟ್ಟು, ಕಾಲ ಮೇಲೆ ಕಾಲು ಹಾಕಿ ಅದರಲ್ಲಿ ಕೂತು, ಗಂಡನಿಂದ ಫೋಟೋ ತೆಗೆಸಿಕೊಂಡು ಸ್ಟೇಟಸ್ಸಿಗೆ ಹಾಕಿದಳು. ಕಾಲೇಜಿನ ಕಡೆಯವರು ಹೆಬ್ಬೆರಳು, ಹೃದಯ ಕಳಿಸಿದರು. ಸಂಪಗಾಂವದ ಕಡೆಯವರು ಮಾತ್ರ ಸಾಲಾಗಿ ಕೈಮುಗಿದರು. ಯಾರೋ ಒಬ್ಬರು, "ಯಾವಾಗ?" ಎಂದು ಕೇಳಿದ್ದರು. "ನಿನ್ನೆ, ಗುರುವಾರ" ಎಂದು ಅವಳು ಉತ್ತರ ಬರೆದಳು. ಆ ಕಡೆಯಿಂದ ಕೂಡಲೇ ಅಳುವ ಮುಖ ಬಂತು. "ಹೊಟ್ಟೀಕಿಚ್ಚು, ಮತ್ತೇನ" ಎಂದು ಅವಳು ಫೋನನ್ನು ಸೆರಗಿನಿಂದ ಒರೆಸಿದಳು. ಗೌರೀಶ ಅದನ್ನು ನೋಡಿದ, ಆದರೆ ಯೋಚಿಸಲಿಲ್ಲ. ಅವನ ತಲೆಯಲ್ಲಿ ಒಂದೇ ಇತ್ತು: ಅತ್ತೆ ಇದರಲ್ಲಿ ಕೂಡಬೇಕು, ಕೂತು ಉಣ್ಣಬೇಕು, ಉಂಡು ಎಲೆ ಅಡಿಕೆ ಹಾಕಿಕೊಂಡು ಕೈಯೂರಿ ಎದ್ದು, ಏನೋ ಒಂದು ಅನ್ನಬೇಕು. ಏನು ಅನ್ನಬೇಕೆಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಅದು ಬೈಗುಳವಾದರೂ ನಡೆಯುತ್ತಿತ್ತು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಹೊರಗೆ ಟಂಟಂ ಆಟೋ ನಿಂತ ಸದ್ದಾಯಿತು. ಅತ್ತೆ ಕಾಲು ತೊಳೆದುಕೊಂಡು, ಹೊಸ್ತಿಲ ಹತ್ತಿರ ಗೋಡೆ ಹಿಡಿದು ಉಸಿರು ತೆಗೆದುಕೊಂಡು, ಒಳಗೆ ಬಂದಳು. ಮೂರು ವರ್ಷದಲ್ಲಿ ಗೇಣು ಕುಗ್ಗಿದ್ದಳು. ಎರಡು ಹೆಜ್ಜೆ ಇಟ್ಟವಳು ಕುರ್ಚಿಯನ್ನು ಕಂಡು ನಿಂತುಬಿಟ್ಟಳು. ಸೆರಗನ್ನು ತಲೆಯ ತುಂಬ ಎಳೆದುಕೊಂಡು, ಎರಡೂ ಕೈ ಎತ್ತಿ ಅದಕ್ಕೆ ಮುಗಿದಳು.

"ಕುಂದರ್ರಿ ಅತ್ತಿ" ಎಂದಳು ಅನ್ನಪೂರ್ಣಾ, ಸಂಭ್ರಮದಿಂದ. "ನಿಮ್ಮ ಸಲುವಾಗೇ ತಂದೇವ್ರಿ."

"ನನ್ನ ಸಲುವಾಗಿ?" ಅತ್ತೆ ಅವಳ ಮುಖ ನೋಡಿದಳು, ಆಮೇಲೆ ಅವನ ಮುಖ. "ಇಷ್ಟ ಅವಸರ ಐತೇನು ನಿಮಗ?"

"ಅಂದರ?"

"ಇದು ನಮ್ಮ ಓಣಿ ಕುರ್ಚಿವಾ. ಸತ್ತವರನ್ನ ಕುಂದ್ರಸೂದು. ಮೊನ್ನೆ ಓಣಿಯವರು ಸ್ಟೀಲಿಂದು ಮಾಡಿಸ್ಯಾರ, ಇದು ಎಲ್ಲಿ ಹೋತಪಾ ಅಂತ ಮಾಡಿದ್ದೆ." ಅವಳು ಹತ್ತಿರ ಹೋಗಿ ತೋಳಿನ ಮೇಲಿದ್ದ ಒಂದು ಕಪ್ಪು ಕಲೆಯನ್ನು ಬೆರಳಿನಿಂದ ಮುಟ್ಟಿದಳು. "ಊದಿನಕಡ್ಡಿ ಬಿದ್ದು ಸುಟ್ಟಿದ್ದು, ನನ್ನ ಗಂಡನ ಹೊತ್ತಿನ್ಯಾಗ. ನಮ್ಮ ಮಾವ ಇದರಾಗ ಕುಂತಾ, ನಮ್ಮತ್ತಿ ಕುಂತಳು, ನಮ್ಮ ಮನಿಯಾಂವ ಕುಂತಾ. ಒಬ್ಬರೂ ತಾವಾಗೇ ಎದ್ದಿಲ್ಲ."

ಅನ್ನಪೂರ್ಣಾ ಒಂದು ದಿನ ತಡವಾಗಿ ಸೀರೆಯ ಹಿಂಭಾಗವನ್ನು ಝಾಡಿಸಿಕೊಂಡಳು. ಸುಣ್ಣವೆಂದು ತಿಕ್ಕಿದ್ದು ವಿಭೂತಿ, ಪಂಖಾದ ತೂತುಗಳು ಹಣೆಯ ಪಟ್ಟಿಗೆ, ಕೈಮುಗಿದವರೆಲ್ಲ ಅವಳಿಗೇ ಮುಗಿದದ್ದು, ಎಲ್ಲ ಒಟ್ಟಿಗೇ ಅವಳ ಮುಖದ ಮೇಲೆ ಬಂದವು. "ಅಯ್ಯ ಶಿವನ" ಎಂದು ಫೋನು ಹುಡುಕುತ್ತ ಅಡುಗೆಮನೆಗೆ ಓಡಿದಳು, ಸ್ಟೇಟಸ್ ಅಳಿಸಲು.

"ಮಡಿವಾಳೆಣ್ಣನೂ ಇದರಾಗ ಕುಂತಾ" ಎಂದಳು ಅತ್ತೆ. "ನೀ ಹಿಂದ ನಿಂತಿದ್ದಿ."

ಗೌರೀಶ ಕುರ್ಚಿಯ ಹಿಂದೆಯೇ ನಿಂತಿದ್ದ, ಈಗಲೂ. ಇದರ ಬೆನ್ನಿಗೆ ಹೊಟ್ಟೆ ಒತ್ತಿಕೊಂಡು ಆ ದಿನ ಎಷ್ಟು ಹೊತ್ತು ನಿಂತಿದ್ದ, ಅರ್ಧ ತಾಸೋ, ಮುಕ್ಕಾಲು ತಾಸೋ, ಆದರೂ ಗುರುತು ಹಿಡಿಯಲಿಲ್ಲ. ಟೇಪು ಹಿಡಿದು ಅಳೆದ, ಬೆಲೆ ಚೌಕಾಸಿ ಮಾಡಿದ, ಪಾಲಿಶ್ ಮಾಡಿಸಿದ, ಗುರುತು ಹಿಡಿಯಲಿಲ್ಲ. ಶಾಲು ಮುಚ್ಚಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಶಾಲು ಮುಚ್ಚಿದ್ದು ಹೌದು, ಆದರೆ ಅವನು ನೋಡಿದ್ದೇ ಕ್ಯಾಲೆಂಡರನ್ನು. ಅಪ್ಪನನ್ನೂ ನೋಡಿರಲಿಲ್ಲ, ಹೆಣದ ಮುಖ ಕಂಡರೆ ಅಂಜಿಕೆ ಎಂದು. ಬದುಕಿದ್ದಾಗಲೂ ಆ ಮುಖಕ್ಕೆ ಅಂಜುತ್ತಿದ್ದ, ಅದು ಬೇರೆ ಮಾತು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಯಾರೂ ಕೇಳದಿದ್ದರೂ ಬಾಯಿಂದ ಮಾತು ಹೊರಬಿತ್ತು.

"ಕೈ ಬಿಟ್ಟೆ ಅತ್ತಿ."

"ಬಿಟ್ಟಿ. ನಾ ನೋಡಿದೆ."

"ಅದಕ್ಕ ಬರಲಿಲ್ಲೇನು ನೀ, ಮೂರು ವರ್ಷ?"

"ಸೋಫಾದಿಂದ ಏಳಾಕ ಆಗೂದಿಲ್ಲ" ಎಂದಳು ಅತ್ತೆ. ಆಮೇಲೆ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಸುಳ್ಳು ಯಾಕ ಹೇಳ್ಲಿ. ಸಿಟ್ಟು ಬಂದಿತ್ತು. ಕೈ ಬಿಟ್ಟಿದ್ದಕ್ಕಲ್ಲೋ ಹುಚ್ಚಾ. ಹೆಣದ ತಲಿ ಯಾರ ಕೈಯಾಗರ ಜಾರತೈತಿ, ಅದು ಭಾಳ ವಜ್ಜಿ ಇರತೈತಿ. ನಿಮ್ಮಪ್ಪನ ತಲಿ ಮುಂದ ಬಿದ್ದೈತಿ, ರುಮಾಲ ಉಳ್ಳಿಕೋತ ಹೊಂಟೈತಿ, ನೀ ಅಲ್ಲಿ ನಿಂತು, 'ಹಲೋ' ಅಂದಿ."

"ಇಲ್ಲ. ನಾ ಬಂದ್ ಮಾಡಾಕ..."

"'ಹಲೋ, ಹಲೋ, ಯಾರ್ರಿ?' ಅಂದಿ. ಎರಡು ಸಲ."

ಅವಳು ಹೇಳಿದ್ದು ನಿಜವೆಂದು ಅವನಿಗೆ ಆಗಲೇ ಗೊತ್ತಾಗಿತ್ತು. ಫೋನಿನ ಬಾಯಿ ಮುಚ್ಚಿಸಿದ್ದರೆ ಆ ಹುಡುಗಿಯ ವಾಕ್ಯ ಅವನಿಗೆ ಹೇಗೆ ಬಾಯಿಪಾಠ ಬರುತ್ತಿತ್ತು? ಒಂದನ್ನು ಒತ್ತಿ ಎನ್ನುವವರೆಗೆ ಕಿವಿಗೊಟ್ಟು ಕೇಳಿದ್ದ, ಬಹುಶಃ ಎರಡನ್ನು ಒತ್ತಿದರೆ ಏನೆಂದು ತಿಳಿಯಲು ಇನ್ನೂ ಒಂದು ಗಳಿಗೆ ಕಾದಿದ್ದ. ಮೂರು ವರ್ಷ ಅವನು ಹೊತ್ತುಕೊಂಡು ತಿರುಗಿದ ತಪ್ಪು ನಿಜವಾದ ತಪ್ಪಿನ ಅರ್ಧಕ್ಕಿಂತ ಕಡಿಮೆ ಇತ್ತು; ಅದನ್ನು ಹೊತ್ತೇ ತಾನು ಭಾರಿ ಮನುಷ್ಯ ಅಂದುಕೊಂಡಿದ್ದ. ಅವನಿಗೆ ಜೋರಾಗಿ ನಗು ಬಂದ ಹಾಗಾಯಿತು. ಬಂದದ್ದು ಅಳು. ಪಡಸಾಲೆಯ ನಡುವೆ, ಫ್ಯಾನಿನ ಕೆಳಗೆ, ಬನಿಯನ್ನಿನ ಮೇಲೆ ಅವಸರಕ್ಕೆ ಹಾಕಿಕೊಂಡ ಇಸ್ತ್ರಿಯ ಅಂಗಿಯಲ್ಲಿ, ಮೂಗು ಸೋರಿಸುತ್ತ ಅವನು ಅತ್ತ.

ಅತ್ತೆ ಅವನನ್ನು ಸಮಾಧಾನ ಮಾಡಲಿಲ್ಲ. ಕುರ್ಚಿಯ ತೋಳು ಹಿಡಿದು, ತಿರುಗಿ, ನಿಧಾನವಾಗಿ ಅದರಲ್ಲಿ ಕೂತಳು. ಕಾಲುಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಇಟ್ಟುಕೊಂಡಳು. ಬೆನ್ನು ಒರಗಿಸಿ, ಎರಡೂ ಕಡೆ ಕೈಯಾಡಿಸಿ ನೋಡಿದಳು.

"ಚಲೋ ಐತಿ. ಇದನ್ನ ಬಿಟ್ಟು ಸ್ಟೀಲಿಂದು ತಂದಾರ, ಮಬ್ಬ ಮಂದಿ. ಥಂಡ್ಯಾಗ ಸತ್ತರ ಬೆನ್ನಿಗೆ ಹೆಂಗ ಹತ್ತಬೇಕದು?"

"ಅತ್ತಿ, ಏಳು. ಬ್ಯಾಡ."

"ತಡೀಯೋ. ಹಿಂದ ನಿಂತೀಯಲ್ಲ, ಹಿಡಿ."

"ಏನು?"

"ತಲಿ ಹಿಡಿ. ನಾಳಿ ನನ್ನ ಮಕ್ಕಳಿಗಿ ಇದು ಬರೂದಿಲ್ಲ, ಅವರು ನಿನಗಿಂತ ದಡ್ಡರದಾರ. ನೀ ಒಮ್ಮಿ ಬಿಟ್ಟು ಕಲ್ತೀದಿ. ಹಿಡಿ."

ಅವನು ಕಣ್ಣು ಒರೆಸಿಕೊಂಡು ಎರಡೂ ಅಂಗೈಗಳನ್ನು ಅವಳ ಕಿವಿಯ ಕೆಳಗೆ ಇಟ್ಟ. "ಹಂಗಲ್ಲ. ಬಾಯಿ ತೆರೀತೈತಿ, ಗದ್ದದ ಕೆಳಗ ಬಳ್ಳು ಕೊಡು" ಎಂದಳು. ಅವನು ಬೆರಳುಗಳನ್ನು ಗದ್ದದ ಕೆಳಗೆ ಹೆಣೆದ. ಅವಳು ಕಣ್ಣು ಮುಚ್ಚಿ ತಲೆಯನ್ನು ಪೂರ್ತಿ ಬಿಟ್ಟುಕೊಟ್ಟಳು. ಅಷ್ಟು ಸಣ್ಣ ದೇಹಕ್ಕೆ ಇಷ್ಟು ಭಾರದ ತಲೆ ಇರಬಹುದೆಂದು ಅವನು ಎಣಿಸಿರಲಿಲ್ಲ. ಕೊಬ್ಬರಿ ಎಣ್ಣೆಯ ವಾಸನೆ, ತೆಳ್ಳಗಿನ ಬಿಳಿ ಕೂದಲಿನ ನಡುವೆ ಗುಲಾಬಿ ಬಣ್ಣದ ನೆತ್ತಿ. ಈ ಸಲ ಅವನು ಗೋಡೆಯ ಕಡೆ ನೋಡಲಿಲ್ಲ. ಬಗ್ಗಿ ಅವಳ ಮುಖವನ್ನೇ ನೋಡಿದ. ಹುಬ್ಬಿನ ನಡುವಿನ ಗೆರೆ ಅಪ್ಪನದೇ. ಅದು ಅವಳಲ್ಲಿ ಇದೆಯೆಂದು ಇವತ್ತಿನವರೆಗೆ ಅವನಿಗೆ ಗೊತ್ತಿರಲಿಲ್ಲ.

"ಅಳಬ್ಯಾಡ, ನೆತ್ತಿ ಮ್ಯಾಲ ಬೀಳಾಕ ಹತ್ತೈತಿ, ನೆಗಡಿ ಬರತೈತಿ ನನಗ" ಎಂದಳು ಕಣ್ಣು ಮುಚ್ಚಿಕೊಂಡೇ.

ಎಷ್ಟು ಹೊತ್ತಾಯಿತೋ, ಅನ್ನಪೂರ್ಣಾ ತಾಟು ಹಿಡಿದು ಬಂದು ಬಾಗಿಲಲ್ಲೇ ನಿಂತಳು.

"ಸಾಕು ಬಿಡು ಇನ್ನ" ಎಂದಳು ಅತ್ತೆ. "ಚಲೋ ಹಿಡದಿ."

ಅವನು ಬಿಡಲಿಲ್ಲ.

"ಬಿಡೋ ತಮ್ಮಾ. ಹಸಿವ್ಯಾಗೈತಿ."

ಬಿಡಬೇಕೆಂದು ಅವನಿಗೂ ಗೊತ್ತಿತ್ತು, ಆದರೆ ಕೈಗಳು ಕೇಳಲಿಲ್ಲ. ಅತ್ತೆ ಒಂದು ಕಣ್ಣು ತೆರೆದು ಮೇಲೆ ನೋಡಿದಳು, ಏನೋ ಬೈಯಲು ಹೋಗಿ, ಬೈಯದೆ ಮತ್ತೆ ಮುಚ್ಚಿದಳು. "ಇಂವ ಬಿಡಾಂವ ಅಲ್ಲ. ನೀನ ಹಾಕವಾ ಅನ್ನಪೂರ್ಣಾ, ಬದನೀಕಾಯಿ ಆರತೈತಿ" ಎಂದಳು. ಅನ್ನಪೂರ್ಣಾ ರೊಟ್ಟಿ ಮುರಿದು, ಎಣ್ಣೆಗಾಯಿಯ ರಸಕ್ಕೆ ಅದ್ದಿ, ಬಗ್ಗಿ ಅವಳ ಬಾಯಿಗಿಟ್ಟಳು. ಅತ್ತೆ ಅಗಿಯತೊಡಗಿದಳು. ಅವಳ ದವಡೆ ಗೌರೀಶನ ಅಂಗೈಯೊಳಗೆ ಮೇಲೆ ಕೆಳಗೆ ಆಡುತ್ತಿತ್ತು.